ರಾಕೆಟ್ ಸರ್ಕಾರದ್ದಿರಬೇಕಾ, ಕಂಪನಿಯದ್ದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಇಸ್ರೋ, ನಾಸಾ ಥರದ ಸರ್ಕಾರಿ ಸಂಸ್ಥೆಗಳು ವಾಸಿಯಾ, ಸ್ಪೇಸ್‌ಎಕ್ಸ್ ಥರದ ಕಂಪನಿಗಳು ವಾಸಿಯಾ ಅಂತ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಸ್ಪೇಸ್‌ಎಕ್ಸ್‌ನವರು ಹಾರಿಸಿದ ರಾಕೆಟ್ಟನ್ನೇ ಕೆಳಗಿಳಿಸಿ ಮತ್ತೆ ಹಾರಿಸುತ್ತಾರೆ. ನಮ್ಮ ಇಸ್ರೋ ಪ್ರತಿ ಸಲವೂ ಸಮುದ್ರಕ್ಕೆ ಬೀಳಿಸುತ್ತೆ. ಸರ್ಕಾರದ ಕೈಯಲ್ಲಿದ್ದರೆ ಇಷ್ಟೇ ಅನಿಸುತ್ತೆ. ಇಸ್ರೋವನ್ನೂ ಖಾಸಗಿಗೆ ಕೊಟ್ಟುಬಿಟ್ಟರೆ ಆಗಲ್ವಾ?
– ಓದುಗರು, ಮಳವಳ್ಳಿ

ಮೊದಲು ರಾಕೆಟ್ ವಿಷಯ ಮುಗಿಸೋಣ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದಲ್ಲಿ, ಅಂದರೆ ಮೊದಲು ಉರಿಯುವ ತಳಭಾಗದಲ್ಲಿ, ಇರುವುದು ಘನ ಇಂಧನ. ಒಂದು ಸಲ ಹೊತ್ತಿಸಿದರೆ ಮುಗಿಯಿತು, ಪೂರ್ತಿ ಉರಿದೇ ನಿಲ್ಲುತ್ತದೆ. ಮಧ್ಯದಲ್ಲಿ ಆರಿಸುವುದು, ಇಳಿಯುವಾಗ ಮತ್ತೆ ಹೊತ್ತಿಸುವುದು ಆಗುವ ಮಾತಲ್ಲ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್‌ನಲ್ಲಿರುವುದು ಸೀಮೆಎಣ್ಣೆ ಜಾತಿಯ ದ್ರವ ಇಂಧನ ಮತ್ತು ದ್ರವ ಆಮ್ಲಜನಕ. ಅದನ್ನು ನಿಲ್ಲಿಸಬಹುದು, ಮತ್ತೆ ಶುರು ಮಾಡಬಹುದು, ಹೆಚ್ಚು ಕಡಿಮೆ ಮಾಡಬಹುದು. ಪಿಎಸ್‌ಎಲ್‌ವಿ ರೂಪುಗೊಂಡ ಕಾಲದಲ್ಲಿ ನಮ್ಮವರಿಗೆ ಚೆನ್ನಾಗಿ ಗೊತ್ತಿದ್ದದ್ದು ಘನ ಇಂಧನ, ಅದರಲ್ಲೇ ಕಟ್ಟಿದರು. ಈಗ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿರುವ ಹೊಸ ರಾಕೆಟ್‌ನ ಮೊದಲ ಹಂತವನ್ನು ಮತ್ತೆ ಮತ್ತೆ ಬಳಸುವ ಯೋಜನೆ ಇದೆ. ಅದಕ್ಕೆ ಇಟ್ಟಿರುವ ಹಣ 8,240 ಕೋಟಿ. ಮತ್ತೆ ಬಳಸಲೆಂದೇ ಇಸ್ರೋ ರೂಪಿಸುತ್ತಿರುವ ರೆಕ್ಕೆಯ ಪುಷ್ಪಕ್ ವಾಹನವನ್ನು ಚಳ್ಳಕೆರೆ ಹತ್ತಿರ ಹೆಲಿಕಾಪ್ಟರಿನಿಂದ ಬಿಟ್ಟು ರನ್‌ವೇ ಮೇಲೆ ಇಳಿಸಿದ ಪ್ರಯೋಗಗಳು 2023, 2024ರಲ್ಲಿ ಮೂರು ಸಲ ನಡೆದವು. ಮೂರೂ ಗೆದ್ದವು.

ಲೆಕ್ಕದ ವಿಷಯವೂ ಇದೆ. 2024ರಲ್ಲಿ ಫಾಲ್ಕನ್ ರಾಕೆಟ್‌ಗಳು ಹಾರಿದ್ದು 130ಕ್ಕೂ ಹೆಚ್ಚು ಸಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತುಕೊಂಡು ಹೋದದ್ದು ಅವರದೇ ಸ್ಟಾರ್‌ಲಿಂಕ್ ಉಪಗ್ರಹಗಳನ್ನು. ಇಸ್ರೋ ಆ ವರ್ಷ ಹಾರಿಸಿದ್ದು ಐದು. ವರ್ಷಕ್ಕೆ ಐದೇ ಹಾರಿಸುವವರು ಒಂದೇ ರಾಕೆಟ್ಟನ್ನು ಐದು ಸಲ ಬಳಸಿದರೆ ಕಾರ್ಖಾನೆಯಲ್ಲಿ ಉಳಿದ ದಿನ ಏನು ಮಾಡಬೇಕು? ಮತ್ತೆ ಬಳಸುವುದರಲ್ಲಿ ಲಾಭ ಹುಟ್ಟುವುದು ಮೇಲಿಂದ ಮೇಲೆ ಹಾರಿಸಿದಾಗ. ಮೇಲಿಂದ ಮೇಲೆ ಹಾರಿಸಲು ಅಷ್ಟು ಸರಕು ಬೇಕು, ಸರಕು ಕಳಿಸುವ ಗಿರಾಕಿ ಬೇಕು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಈ ಗಿರಾಕಿಯ ಹತ್ತಿರವೇ ಇದೆ.

ಸ್ಪೇಸ್‌ಎಕ್ಸ್ ಶುರುವಾದದ್ದು 2002ರಲ್ಲಿ. ಅದರ ಚಿಕ್ಕ ರಾಕೆಟ್ ಫಾಲ್ಕನ್ 1 ಮೊದಲ ಮೂರು ಸಲವೂ ಸೋತಿತು, 2006ರಲ್ಲಿ, 2007ರಲ್ಲಿ, 2008ರ ಆಗಸ್ಟಿನಲ್ಲಿ. ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ನಾಲ್ಕನೆಯದು 2008ರ ಸೆಪ್ಟೆಂಬರ್ 28ರಂದು ಕಕ್ಷೆ ಮುಟ್ಟಿತು. ಅದೇ ಡಿಸೆಂಬರಿನಲ್ಲಿ ನಾಸಾ 160 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು. ಬಾಹ್ಯಾಕಾಶ ನಿಲ್ದಾಣಕ್ಕೆ 12 ಸಲ ಸಾಮಾನು ತಲುಪಿಸುವ ಕೆಲಸ. ಅದಕ್ಕೂ ಮುಂಚೆ, 2006ರಲ್ಲೇ, ಫಾಲ್ಕನ್ 9 ರಾಕೆಟ್ ಮತ್ತು ಅದು ಹೊತ್ತೊಯ್ಯುವ ಡ್ರ್ಯಾಗನ್ ನೌಕೆ ತಯಾರಿಸಲು ನಾಸಾ ಹಣ ಕೊಡಲು ಶುರು ಮಾಡಿತ್ತು. ಡ್ರ್ಯಾಗನ್ ನೌಕೆಯ ತಳದಲ್ಲಿರುವ ಶಾಖ ತಡೆಯುವ ಕವಚದ ಮೂಲ ವಸ್ತು ಕೂಡ ನಾಸಾದ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಇದನ್ನೆಲ್ಲ ಹೇಳುತ್ತಿರುವುದು ಆ ಎಂಜಿನಿಯರ್‌ಗಳ ದೊಡ್ಡತನ ಕಡಿಮೆ ಮಾಡುವುದಕ್ಕಲ್ಲ. 2015ರ ಡಿಸೆಂಬರಿನಲ್ಲಿ ಅವರು ಮೊದಲ ಸಲ, ಉಪಗ್ರಹಗಳನ್ನು ಕಕ್ಷೆಗೆ ಕಳಿಸಿದ ರಾಕೆಟ್ಟಿನ ಮೊದಲ ಹಂತವನ್ನು ನೆಟ್ಟಗೆ ನಿಲ್ಲಿಸಿ ಇಳಿಸಿದ್ದು ಈ ಕಾಲದ ದೊಡ್ಡ ಸಾಧನೆ, ಅದನ್ನು ಯಾವ ಸರ್ಕಾರಿ ಸಂಸ್ಥೆಯೂ ಮಾಡಿರಲಿಲ್ಲ. ಆದರೆ ಆ ದಿನದವರೆಗೆ ಕಂಪನಿ ಉಳಿಯಲು ಒಬ್ಬ ಗಟ್ಟಿ ಗಿರಾಕಿ ಬೇಕಿತ್ತು, ಆ ಗಿರಾಕಿ ಸರ್ಕಾರ.

ನೀವು ಮಳವಳ್ಳಿಯವರು, ಶಿವನಸಮುದ್ರದ ವಿದ್ಯುತ್ ಕೇಂದ್ರ ನಿಮ್ಮ ತಾಲ್ಲೂಕಿನದೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸಂಸ್ಥಾನ ಅಷ್ಟೊಂದು ಹಣ ಸುರಿಯಲು ಧೈರ್ಯ ಮಾಡಿದ್ದು ಯಾಕೆ? ಕೋಲಾರದ ಚಿನ್ನದ ಗಣಿ ಕಂಪನಿಗಳು ಕರೆಂಟು ಕೊಳ್ಳುತ್ತೇವೆ ಎಂದು ಮೊದಲೇ ಒಪ್ಪಿಕೊಂಡಿದ್ದವು. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಅಲ್ಲಿ ಕಟ್ಟಿದ್ದು ಸರ್ಕಾರ, ಕೊಂಡದ್ದು ಕಂಪನಿ. ನಾಸಾ ವಿಷಯದಲ್ಲಿ ಅದು ತಿರುವುಮುರುವು. ಎರಡು ಕಡೆಯೂ ಕೆಲಸ ನಡೆದದ್ದು ಕೊಳ್ಳುವವರು ಮೊದಲೇ ಗೊತ್ತಿದ್ದರು ಅನ್ನೋ ಒಂದೇ ಕಾರಣಕ್ಕೆ.

ನಮ್ಮಲ್ಲಿ ಸದ್ಯ ಕೊರತೆ ಇರುವುದು ಇಲ್ಲೇ. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದರು, ಅನುಮತಿ ಕೊಡಲು ಇನ್‌ಸ್ಪೇಸ್ ಎಂಬ ಸಂಸ್ಥೆ ಬಂತು. 2023ರಲ್ಲಿ ಬಾಹ್ಯಾಕಾಶ ನೀತಿ ಬಂತು, 2024ರಲ್ಲಿ ವಿದೇಶಿ ಬಂಡವಾಳದ ನಿಯಮ ಸಡಿಲವಾಯಿತು. ಇವೆಲ್ಲ ಒಳ್ಳೆಯದೇ. ಆದರೆ ಅನುಮತಿ ಪತ್ರ ಹಿಡಿದುಕೊಂಡು ಯಾರೂ ಸಂಬಳ ಕೊಡಲಾಗುವುದಿಲ್ಲ. ಸರ್ಕಾರದ ಇಲಾಖೆಗಳು "ಇಂಥ ಚಿತ್ರ, ಇಷ್ಟು ವರ್ಷ, ಈ ಬೆಲೆಗೆ ಕೊಳ್ಳುತ್ತೇವೆ" ಎಂದು ಬರೆದುಕೊಡಬೇಕು. ಗಡಿ ಕಾವಲಿಗೆ ಹಾರಿಸಲಿರುವ 52 ಉಪಗ್ರಹಗಳಲ್ಲಿ 31ನ್ನು ಖಾಸಗಿಯವರಿಂದ ಕಟ್ಟಿಸುವ ತೀರ್ಮಾನ ಅಂಥ ಒಂದು ಹೆಜ್ಜೆ. ಅಂಥವು ಇನ್ನೂ ಹತ್ತು ಬರಲಿ.

ಇಸ್ರೋವನ್ನೇ ಮಾರುವುದು ಮಾತ್ರ ಬೇಡ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ಚಂದ್ರನ ದಕ್ಷಿಣ ಧ್ರುವದ ಹತ್ತಿರ ಮಣ್ಣಿನ ಬಿಸಿ ಎಷ್ಟಿದೆ ಎಂದು ತಿಳಿಯಲು ಯಾವ ಷೇರುದಾರ ದುಡ್ಡು ಹಾಕುತ್ತಾನೆ ಹೇಳಿ? 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದಾಗ ಕಂಪನಿಯಾಗಿದ್ದರೆ ಅಂಗಡಿ ಮುಚ್ಚಬೇಕಿತ್ತು. ಇಸ್ರೋ ನಾಲ್ಕು ವರ್ಷ ಕೂತು ತಪ್ಪು ಹುಡುಕಿ, ಲ್ಯಾಂಡರಿನ ಕಾಲು ಗಟ್ಟಿ ಮಾಡಿ, ಇಳಿಯುವ ಜಾಗ ಅಗಲ ಮಾಡಿ ಮತ್ತೆ ಹೋಯಿತು.

ಬೋಯಿಂಗ್ ಕೂಡ ಖಾಸಗಿ ಕಂಪನಿಯೇ ಅಲ್ವಾ? ಮತ್ತೆ ಸುನೀತಾ ವಿಲಿಯಮ್ಸ್ ಅವರನ್ನು ಅಷ್ಟು ತಿಂಗಳು ಮೇಲೇ ಬಿಟ್ಟದ್ದು ಹೇಗೆ?
– ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ

ಮೇಷ್ಟ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಖಾಸಗಿ ಅಂದ ಕೂಡಲೇ ಎಲ್ಲರೂ ಒಂದೇ ಕಂಪನಿಯನ್ನು ನೆನೆಸಿಕೊಳ್ಳುತ್ತಾರೆ.

2014ರಲ್ಲಿ ನಾಸಾ ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟಿತು. ಗಗನಯಾತ್ರಿಗಳನ್ನು ನಿಲ್ದಾಣಕ್ಕೆ ಕರೆದೊಯ್ದು ವಾಪಸ್ ತರಬೇಕು. ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್. ಕಡಿಮೆ ಹಣ ಪಡೆದವರು 2020ರ ಮೇ ತಿಂಗಳಲ್ಲಿ ಜನರನ್ನು ಕಳಿಸಿದರು. ಜಾಸ್ತಿ ಹಣ ಪಡೆದವರಿಗೆ 2024ರ ಜೂನ್ ಬೇಕಾಯಿತು. ಅದರಲ್ಲೂ ದಾರಿಯಲ್ಲಿ ಹೀಲಿಯಂ ಸೋರಿತು, ನೌಕೆಯನ್ನು ಅತ್ತಿತ್ತ ತಳ್ಳುವ ಚಿಕ್ಕ ಎಂಜಿನ್‌ಗಳು ಕೈಕೊಟ್ಟವು. ನಾಸಾ ಸ್ಟಾರ್‌ಲೈನರ್ ಎಂಬ ಆ ನೌಕೆಯನ್ನು ಸೆಪ್ಟೆಂಬರಿನಲ್ಲಿ ಖಾಲಿ ಇಳಿಸಿತು. ಅದರಲ್ಲಿ ಹೋಗಿದ್ದ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಇಬ್ಬರೂ 2025ರ ಮಾರ್ಚ್ 18ರಂದು ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್‌ನಲ್ಲಿ ಬಂದರು.

ಇಲ್ಲಿ ಗಮನಿಸಬೇಕಾದ್ದು ಗುತ್ತಿಗೆಯ ಬಗೆ. ಹಳೆಯ ಪದ್ಧತಿಯಲ್ಲಿ ಕಂಪನಿ ಎಷ್ಟು ಖರ್ಚು ಮಾಡಿದರೂ ಸರ್ಕಾರ ತುಂಬಿಕೊಟ್ಟು, ಮೇಲೆ ಲಾಭವನ್ನೂ ಕೊಡುತ್ತಿತ್ತು. ತಡವಾದಷ್ಟೂ ಬಿಲ್ಲು ಬೆಳೆಯುತ್ತದೆ, ಕಂಪನಿಗೆ ನಷ್ಟವಿಲ್ಲ. ನಾಸಾದ ದೊಡ್ಡ ಎಸ್‌ಎಲ್‌ಎಸ್ ರಾಕೆಟ್ ಬಹುಪಾಲು ಹೀಗೇ ತಯಾರಾದದ್ದು, ಅದರ ನಡುಭಾಗ ಕಟ್ಟಿದ್ದು ಇದೇ ಬೋಯಿಂಗ್. ಅದನ್ನು ಓರಾಯನ್ ನೌಕೆ ಸಮೇತ ಒಂದು ಸಲ ಹಾರಿಸಲು 410 ಕೋಟಿ ಡಾಲರ್ ಎಂದು ನಾಸಾದ ಒಳಗಿನ ಲೆಕ್ಕ ಪರಿಶೋಧಕರೇ ಹೇಳಿದರು. ಹೊಸ ಪದ್ಧತಿಯಲ್ಲಿ ಬೆಲೆ ಮೊದಲೇ ಗಟ್ಟಿ, ಹೆಚ್ಚಾದದ್ದು ಕಂಪನಿಯ ತಲೆಗೆ. ಗಗನಯಾತ್ರಿಗಳ ಕೆಲಸ ಈ ಬಗೆಯದು, ಆದ್ದರಿಂದ ಸ್ಟಾರ್‌ಲೈನರ್ ಎಡವಟ್ಟಿನಲ್ಲಿ ಹೋದ ಹಣ ಬಹುಪಾಲು ಬೋಯಿಂಗ್‌ದೇ. ಇಬ್ಬರಿಗೆ ಕೊಟ್ಟಿದ್ದರಿಂದ ಒಬ್ಬರು ಸೋತಾಗ ಇನ್ನೊಬ್ಬರು ಇದ್ದರು. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ನಾಸಾ ಮಾಡಿದ ಜಾಣ ಕೆಲಸ ಇದೇ.

ಖಾಸಗಿಯವರು ಚಂದ್ರನ ಮೇಲೆ ಇಳಿದಿದ್ದಾರಾ?
– ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಪಾಂಡವಪುರ

ಇಳಿದಿದ್ದಾರೆ ಪುಟ್ಟ. 2024ರ ಫೆಬ್ರವರಿಯಲ್ಲಿ ಇಂಟ್ಯೂಟಿವ್ ಮಷೀನ್ಸ್ ಕಂಪನಿಯ ಒಡಿಸ್ಸಿಯಸ್ ಇಳಿಯಿತು, ಆದರೆ ವಾಲಿಕೊಂಡಿತು. 2025ರ ಮಾರ್ಚ್ 2ರಂದು ಫೈರ್‌ಫ್ಲೈ ಕಂಪನಿಯ ಬ್ಲೂ ಘೋಸ್ಟ್ ನೆಟ್ಟಗೆ ನಿಂತಿತು. ಜಪಾನಿನ ಐಸ್ಪೇಸ್ ಕಂಪನಿಯ ನೌಕೆಗಳು 2023ರಲ್ಲೂ 2025ರಲ್ಲೂ ಬಿದ್ದವು. ಆ ಎರಡು ಅಮೆರಿಕನ್ ನೌಕೆಗಳಿಗೂ ದೊಡ್ಡ ಗಿರಾಕಿ ನಾಸಾ.

ಉಪಗ್ರಹವೆಲ್ಲ ಕಂಪನಿಗಳ ಕೈಗೆ ಹೋದರೆ ಮಳೆ ಮಾಹಿತಿಗೂ ದುಡ್ಡು ಕೊಡಬೇಕಾ? ನಾನು ನಾಲೆ ಬಯಲಿನಲ್ಲಿ ಭತ್ತ, ಕಬ್ಬು ಮಾಡುತ್ತೇನೆ.
– ರೈತರು, ಮಂಡ್ಯ

ಅಣ್ಣ, ಬಂದ ಪ್ರಶ್ನೆಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ನಿಮ್ಮದು. ರಾಕೆಟ್ ಯಾರದ್ದಾದರೂ ಆಗಲಿ, ಮೇಲಿಂದ ಬರುವ ಮಾಹಿತಿ ಯಾರದ್ದು ಅನ್ನೋದು ನಿಮ್ಮ ಗದ್ದೆಗೆ ಸಂಬಂಧಿಸಿದ್ದು.

ಅಮೆರಿಕದಲ್ಲಿ ಇದು ಒಂದು ಸಲ ನಡೆದುಹೋಗಿದೆ. ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹ ಸರಣಿ 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿದೆ. ಬೆಳೆ, ಕಾಡು, ಕೆರೆ ಎಲ್ಲ ಅದರಲ್ಲಿ ಕಾಣುತ್ತದೆ. 1984ರಲ್ಲಿ ಕಾನೂನು ಮಾಡಿ ಅದರ ಮಾರಾಟವನ್ನು ಇಯೋಸ್ಯಾಟ್ ಎಂಬ ಕಂಪನಿಗೆ ವಹಿಸಿದರು. ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು. ವಿಶ್ವವಿದ್ಯಾಲಯದವರು, ಬಡ ದೇಶಗಳವರು ಕೊಳ್ಳುವುದನ್ನೇ ಬಿಟ್ಟರು. ಕೊಳ್ಳುವವರು ಇಲ್ಲ ಅಂತ ಎಷ್ಟೋ ಜಾಗಗಳ ಚಿತ್ರವನ್ನು ತೆಗೆಯುವುದನ್ನೂ ಬಿಟ್ಟರು. ಯೋಚನೆ ಮಾಡಿ, ಆ ವರ್ಷಗಳಲ್ಲಿ ಆ ಜಾಗಗಳು ಹೇಗಿದ್ದವು ಎಂದು ಇವತ್ತು ಎಷ್ಟು ದುಡ್ಡು ಕೊಟ್ಟರೂ ತಿಳಿಯುವ ಹಾಗಿಲ್ಲ, ತೆಗೆಯದ ಚಿತ್ರವನ್ನು ಹಿಂದಕ್ಕೆ ಹೋಗಿ ತೆಗೆಯಲಾಗುವುದಿಲ್ಲ. ಕೊನೆಗೆ 1992ರಲ್ಲಿ ಇನ್ನೊಂದು ಕಾನೂನು ಮಾಡಿ ಲ್ಯಾಂಡ್‌ಸ್ಯಾಟ್ ಕಾರ್ಯಕ್ರಮವನ್ನು ಸರ್ಕಾರಕ್ಕೆ ವಾಪಸ್ ತಂದರು. 2008ರಲ್ಲಿ ಚಿತ್ರಗಳನ್ನು ಎಲ್ಲರಿಗೂ ಬಿಟ್ಟಿ ಕೊಡಲು ಶುರು ಮಾಡಿದರು. ದಿನಕ್ಕೆ ಹತ್ತಾರು ಚಿತ್ರ ಹೋಗುತ್ತಿದ್ದ ಕಡೆ ಸಾವಿರಾರು ಹೋಗತೊಡಗಿದವು.

ನಮ್ಮಲ್ಲಿ ಮೋಡ ನೋಡುವ ಇನ್‌ಸ್ಯಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಹಾರಿತು. ಹಣ ಪೂರ್ತಿ ಕೇಂದ್ರದ ಭೂವಿಜ್ಞಾನ ಸಚಿವಾಲಯದ್ದು. ಅದು ಕಳಿಸುವ ಚಿತ್ರ ಹವಾಮಾನ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಂಥ ಉಪಗ್ರಹಗಳನ್ನು ನಡೆಸುವ ಮುಖ್ಯ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಸದ್ಯಕ್ಕೆ ನಿಮಗೆ ಭಯ ಬೇಡ.

ಕಂಪನಿಗಳ ಉಪಗ್ರಹ ಬೇಡವೇ ಬೇಡ ಅನ್ನುತ್ತಿಲ್ಲ. ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಉಪಗ್ರಹಗಳು ಬೆಳಕನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಬಿಡಿಸಿ ನೋಡುತ್ತವೆ. ಇಂಥ ಕ್ಯಾಮೆರಾದಲ್ಲಿ ಬೆಳೆಗೆ ನೀರು ಕಡಿಮೆಯಾದದ್ದು, ರೋಗ ಹತ್ತಿದ್ದು ನಮ್ಮ ಕಣ್ಣಿಗೆ ಎಲೆ ಹಳದಿಯಾಗಿ ಕಾಣುವ ಮುಂಚೆಯೇ ಗೊತ್ತಾಗುವ ಸಾಧ್ಯತೆ ಇದೆ. ನಮ್ಮ ಆಸೆ ಇಷ್ಟು. ಅಂಥ ಮಾಹಿತಿಯನ್ನು ಕೃಷಿ ಇಲಾಖೆ ಒಟ್ಟಿಗೆ ಕೊಂಡು ರೈತ ಸಂಪರ್ಕ ಕೇಂದ್ರದ ಮೂಲಕ ನಿಮಗೆ ಬಿಟ್ಟಿ ಕೊಡಲಿ. ಮಳೆ, ಪ್ರವಾಹ, ಚಂಡಮಾರುತದ ಮಾಹಿತಿ ಮಾತ್ರ ಯಾವತ್ತೂ ಸರ್ಕಾರದ ಕೈ ಬಿಡಬಾರದು. ಜೀವ ಉಳಿಸುವ ಮಾಹಿತಿಗೆ ಬೆಲೆಚೀಟಿ ಅಂಟಿಸುವುದನ್ನು ನಾವು ಒಪ್ಪುವುದಿಲ್ಲ.

ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶಕ್ಕೆ ಹೋದದ್ದು ಸರ್ಕಾರದ ಕಡೆಯಿಂದಲೋ, ಖಾಸಗಿ ಕಡೆಯಿಂದಲೋ? ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ.
– ಓದುಗರು, ಕುವೆಂಪುನಗರ, ಮೈಸೂರು

ಎರಡೂ ನಿಜ ಮೇಡಂ. ಕಳಿಸಿದ್ದು ಭಾರತ ಸರ್ಕಾರ. ಪ್ರಯಾಣ ಏರ್ಪಾಡು ಮಾಡಿದ್ದು ಆಕ್ಸಿಯಮ್ ಎಂಬ ಅಮೆರಿಕದ ಕಂಪನಿ. ರಾಕೆಟ್, ನೌಕೆ ಎರಡೂ ಸ್ಪೇಸ್‌ಎಕ್ಸ್‌ದು. ತಲುಪಿದ್ದು ಹಲವು ಸರ್ಕಾರಗಳು ಸೇರಿ ಕಟ್ಟಿದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ. 2025ರ ಜೂನ್ 25ಕ್ಕೆ ಹೊರಟು ಜುಲೈ 15ಕ್ಕೆ ಬಂದರು.

ಅವರ ಊಟದಲ್ಲಿ ನಿಮ್ಮ ಊರೂ ಇತ್ತು. ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ಜೊತೆಗೆ ಹೋದವು. ಇಸ್ರೋ ಜೊತೆ ಸೇರಿ ಇದನ್ನು ತಯಾರಿಸಿದ್ದು ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಪ್ರಯೋಗಾಲಯ. 1984ರಲ್ಲಿ ರಾಕೇಶ್ ಶರ್ಮಾ ಹೋದಾಗಲೂ ಊಟ ಅಲ್ಲಿಂದಲೇ ಹೋಗಿತ್ತು. ಹಲ್ವಾನೇ ಯಾಕೆ ಅಂದರೆ, ಅಲ್ಲಿ ಪುಡಿ ಉದುರುವ ತಿಂಡಿ ಆಗುವುದಿಲ್ಲ. ಪುಡಿ ಕೆಳಗೆ ಬೀಳದೆ ತೇಲಿಕೊಂಡು ಕಣ್ಣಿಗೋ ಯಂತ್ರದ ಸಂದಿಗೋ ಸೇರುತ್ತದೆ. ಹಲ್ವಾ ತುಪ್ಪದಲ್ಲಿ ಒಟ್ಟಿಗೆ ಹಿಡಿದುಕೊಳ್ಳುತ್ತದೆ, ಚಮಚಕ್ಕೆ ಅಂಟಿಕೊಳ್ಳುತ್ತದೆ. ಇಂಥ ಊಟ ಕೆಡದೆ ಇರಲು ಹಲವು ಪದರದ ಚೀಲದಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಒತ್ತಡದ ಬಿಸಿಯಲ್ಲಿ ಬೇಯಿಸುವ ಪದ್ಧತಿ ಇದೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಹೆಸರುಕಾಳು, ಮೆಂತ್ಯ ಮೊಳಕೆ ಬರಿಸುವ ಪ್ರಯೋಗವೂ ಹೋಗಿತ್ತು, ಅದು ಧಾರವಾಡದವರದು.

ಇನ್ನೊಂದು ಸಂಗತಿ ಹೇಳಲೇಬೇಕು. ಆ ಪ್ರಯಾಣ ಜೂನ್ 11ಕ್ಕೆ ಇತ್ತು. ಅದಕ್ಕೆ ಮುಂಚೆ ರಾಕೆಟ್ ಪರೀಕ್ಷೆಯಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಕಂಡಿತು. ಅದನ್ನು ಸರಿಪಡಿಸಿ, ಮತ್ತೆ ಸೋರಿಕೆ ಪರೀಕ್ಷೆ ಮಾಡಿದ ಮೇಲೇ ಹಾರಿಸಬೇಕು ಎಂದು ಅಲ್ಲಿದ್ದ ಇಸ್ರೋ ತಂಡ ಹೇಳಿತು. ಪ್ರಯಾಣ ಮುಂದಕ್ಕೆ ಹೋಯಿತು. ನಾವು ಅಲ್ಲಿ ಟಿಕೆಟ್ ಕೊಂಡವರು. ಆದರೂ ಹಾಗೆ ಹೇಳಲು ಸಾಧ್ಯವಾದದ್ದು ರಾಕೆಟ್ ಕಟ್ಟಿ, ಸೋತು, ಮತ್ತೆ ಕಟ್ಟಿದ ಜನ ನಮ್ಮ ಕಡೆ ಇದ್ದದ್ದರಿಂದ. ಎಲ್ಲವನ್ನೂ ಕಂಪನಿಗಳಿಂದ ಕೊಂಡರೂ ಪರವಾಗಿಲ್ಲ, ಆದರೆ ಕೊಳ್ಳುವವರಿಗೆ ಕೆಲಸ ಗೊತ್ತಿರಬೇಕು. ಇಸ್ರೋ ಗಟ್ಟಿಯಾಗಿ ಇರಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಇಸ್ರೋ ಪರೀಕ್ಷೆಗೆ ಕೂರಲಾ, ಸ್ಟಾರ್ಟಪ್ ಸೇರಲಾ? ಮನೆಯಲ್ಲಿ ಸರ್ಕಾರಿ ಕೆಲಸವೇ ಆಗಬೇಕು ಅಂತಾರೆ.
– ವಿದ್ಯಾರ್ಥಿನಿ, ಮದ್ದೂರು

ನೋಡಮ್ಮ, ಮನೆಯವರ ಮಾತನ್ನು ತೆಗೆದುಹಾಕಬೇಡ. ಅವರಿಗೆ ನಿನ್ನ ಚಿಂತೆ. ಆದರೆ ಇವೆರಡೂ ಬೇರೆ ಬೇರೆ ಲೋಕಗಳೇನಲ್ಲ. 2022ರ ನವೆಂಬರ್ 18ರಂದು ವಿಕ್ರಮ್-ಎಸ್ ರಾಕೆಟ್ ಹಾರಿಸಿ 89.5 ಕಿಲೋಮೀಟರ್ ಮೇಲೆ ಮುಟ್ಟಿಸಿದ ಹೈದರಾಬಾದಿನ ಸ್ಕೈರೂಟ್ ಸ್ಥಾಪಕರು ಇಸ್ರೋದಲ್ಲಿ ಇದ್ದವರೇ. ಹಾರಿಸಿದ ಜಾಗವೂ ಶ್ರೀಹರಿಕೋಟವೇ. ಚೆನ್ನೈನ ಅಗ್ನಿಕುಲ್ 2024ರ ಮೇ 30ರಂದು ತ್ರೀಡಿ ಪ್ರಿಂಟಿಂಗ್‌ನಲ್ಲಿ ತಯಾರಿಸಿದ ಎಂಜಿನ್ ಹಾರಿಸಿದ್ದು ಶ್ರೀಹರಿಕೋಟದ ಒಳಗಿರುವ ತನ್ನದೇ ಉಡಾವಣಾ ಕಟ್ಟೆಯಿಂದ.

ಸ್ಟಾರ್ಟಪ್‌ನಲ್ಲಿ ಬೇಗ ಕೆಲಸ ಕೈಗೆ ಸಿಗುತ್ತದೆ. ನೀನು ಚಿತ್ರ ಬರೆದ ವಾಲ್ವ್ ಅನ್ನು ನೀನೇ ಟೆಸ್ಟ್ ಬೆಂಚಿನ ಮೇಲಿಟ್ಟು ಸೋರುತ್ತಾ ನೋಡುವ ಅವಕಾಶ ಬರಬಹುದು. ಇಸ್ರೋದಲ್ಲಿ ನಿಧಾನ, ಆದರೆ ದೊಡ್ಡ ಯೋಜನೆಗಳು, ತಪ್ಪನ್ನು ಹುಡುಕುವ ಶಿಸ್ತು, ಹೇಳಿಕೊಡುವ ಹಿರಿಯರು. ಎರಡಕ್ಕೂ ಬೇಕಾಗುವುದು ಒಂದೇ. ವೆಲ್ಡಿಂಗ್ ಹೇಗಾಗುತ್ತೆ, ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೆ ಏನಾಗುತ್ತೆ ಅಂತ ಕೈಯಾರೆ ಕಲಿ. ರಜೆಯಲ್ಲಿ ಸುಮ್ನೆ ಕೂರಬೇಡ. ಹೂಟಗಳ್ಳಿ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಾವುದಾದರೂ ಮಷೀನ್ ಶಾಪ್‌ನಲ್ಲಿ ಕೇಳಿ ನೋಡು.

ಸ್ಟಾರ್ಟಪ್ ಸಂದರ್ಶನಕ್ಕೆ ಹೋದರೆ ಒಂದು ಪ್ರಶ್ನೆ ನೀನೂ ಕೇಳು: ನಿಮಗೆ ಈಗ ದುಡ್ಡು ಕೊಡುವ ಗಿರಾಕಿ ಯಾರು? ಹೂಡಿಕೆದಾರರ ಹೆಸರು ಹೇಳಿದರೆ ಅದು ಉತ್ತರವಲ್ಲ, ಇನ್ನೊಂದು ಸಲ ಕೇಳು. ಇಸ್ರೋದ ನೇಮಕಾತಿ ಪರೀಕ್ಷೆಗೆ ಎಂಜಿನಿಯರಿಂಗ್‌ನಲ್ಲಿ ಶೇ. 65 ಅಂಕ ಇರಬೇಕು, ಸಾಮಾನ್ಯ ವರ್ಗಕ್ಕೆ ವಯಸ್ಸು 28 ದಾಟಿರಬಾರದು. ಆದ್ದರಿಂದ ಮೊದಲು ಸ್ಟಾರ್ಟಪ್‌ನಲ್ಲಿ ಒಂದೆರಡು ವರ್ಷ ದುಡಿದು ಆಮೇಲೆ ಪರೀಕ್ಷೆ ಬರೆಯಲು ನಿನಗೆ ಸಮಯವಿದೆ. ಇದನ್ನು ಮನೆಯವರ ಮುಂದೆ ಕೂತು ವಿವರವಾಗಿ ಹೇಳು, ಅಂಕ ಮಾತ್ರ ಈಗಲೇ ಕಾಪಾಡಿಕೋ.